ಬದಲಿ ಹಾಜರಿ

ಗುರುಗುಂಟಾ
೧೭ ಆಗಸ್ಟ್ ೨೦೨೫

ಮಗಳು ಸುರೇಖಾಗ, ಜೈಭೀಮ್.

ನಾವಿಲ್ಲಿ ಅರಾಮ ಅದೀವಿ ಅಂತ ಮೊದಲನೇ ಸಾಲಿನ್ಯಾಗ ಬರಿಯೋದು ರೂಢಿ. ಸುಳ್ಳು ಯಾಕ ಬರೀಲಿ ಅಂತ ಬಿಟ್ಟೀನಿ. ನಿಮ್ಮವ್ವನ ಮಣಕಾಲು ಹಂಗ ಅದಾವ, ನನ್ನ ಕಿವಿ ಮತ್ತಷ್ಟು ಹೋಗ್ಯಾವ. ನೀ ಫೋನ್ ಮಾಡಿದ್ರ ನನಗ ಬರೇ ಗುಂಯ್ ಅಂತೈತಿ. ನಿಮ್ಮವ್ವ ಯಮನಮ್ಮ ನೀ ಹೇಳಿದ್ದು ಅರ್ಧ ನುಂಗಿ ಅರ್ಧ ನನಗ ಹೇಳ್ತಾಳ. ಅದಕ್ಕ ಈ ಪತ್ರ. ಮೂವತ್ತೆಂಟು ವರ್ಷ ಮಂದಿ ಟಪಾಲು ಹೊತ್ತು ತಿರುಗಿದಾಂವ ನಾ, ನನ್ನ ಸ್ವಂತಕ್ಕ ನಾಕು ಪತ್ರ ಬರದ್ರ ಪೋಸ್ಟಾಫೀಸು ಏನ್ ಮುಳುಗಂಗಿಲ್ಲ.

ಮೊನ್ನೆ ಬುಧವಾರ ನಿನ್ನ ತಮ್ಮನ ಕೇಸು ಸಿಂಧನೂರು ಕೋರ್ಟಿನ್ಯಾಗ ಮುಗೀತು. ನೀ ಕಲಿಸೋ ಸಾಲಿಯಿಂದ ಕೋರ್ಟು ಏನ್ ಭಾಳ ದೂರ ಐತೇನು? ಚಾ ಕುಡದು ಬರೋವಷ್ಟು ಹಾದಿ. ನಾ ಬಾಗಲಾ ನೋಡಿಕೋಂತನ ನಿಂತಿದ್ದೆ. ನೀ ಬರಲಿಲ್ಲ. ಇರ್ಲಿ.

ದುರುಗೇಶ ಎಲ್ಲಾ ಒಪ್ಪಿಕೊಂಡ. ಕುಡದದ್ದು ಖರೇ, ಬಸ್‌ಸ್ಟ್ಯಾಂಡ್ ಮುಂದ ರಫೀಕನ ಆಟೋದ ಗಾಜು ಕಲ್ಲಿಲೆ ಒಡದದ್ದು ಖರೇ, ಚೂರು ಹೋಗಿ ರಫೀಕನ ಹುಬ್ಬಿಗೆ ಹೊಕ್ಕಿದ್ದೂ ಖರೇ. ಸಾಹೇಬ್ರು ವಯಸ್ಸಿನಾಗ ಸಣ್ಣವರು, ದನಿ ಮೆತ್ತಗಿರಬೇಕು ಅನಸ್ತೈತಿ, ಬಾಯಿ ಅಷ್ಟ ಆಡ್ತಿತ್ತು. ಆಮ್ಯಾಲ ವಕೀಲ ಕಾಗದದ ಮ್ಯಾಲ ಬರದು ತೋರ್ಸಿದ. ಜೇಲು ಇಲ್ಲ. ಒಂದು ವರ್ಷ ಚಲೋ ನಡತಿ ಇರತೈತಿ ಅಂತ ಮುಚ್ಚಳಿಕಿ. ಆ ವರ್ಷಪೂರ್ತಿ ಪ್ರೊಬೇಷನ್ ಆಫೀಸರ್ ಜಯಶ್ರೀ ಮೇಡಂ ಇವನ ಮ್ಯಾಲ ಕಣ್ಣಿಡ್ತಾರ. ಅದರ ಜೋಡಿ ಮೂವತ್ತು ದಿನ ಸಮಾಜಸೇವಾ, ಪಗಾರ ಇಲ್ಲ. ವಾರದಾಗ ಮೂರು ದಿನ, ದಿನಕ್ಕ ನಾಕು ತಾಸು. ಮಾಡಿ ಮುಗಿಸಿದ್ರ ಲೈನ್‌ಮನ್ ನೌಕರಿ ತಿರುಗಿ ಸಿಗೋ ಆಸೆ ಐತಿ. ತಪ್ಪಿಸಿದ್ರ ಜೇಲು, ನೌಕರಿನೂ ಕಾಯಂ ಹೋದಂಗ.

ಇಲ್ಲಿತನಕ ನನಗೂ ಸಮಾಧಾನ ಇತ್ತು. ಕೆಲಸ ಎಲ್ಲಿ ಕೊಟ್ಟಾರ ಅಂತ ಓದಿದ ಮ್ಯಾಲ ಅದು ಹೋತು. ನಮ್ಮ ಹಳೇ ಊರಿನ ದನದ ದವಾಖಾನಿ. ಕಸ ಹೊಡೀಬೇಕು, ಸಗಣಿ ಬಳೀಬೇಕು, ಬಂದ ದನ ಹಿಡೀಬೇಕು. ಮನಿಗೆ ಹತ್ರ ಆಗ್ಲಿ ಅಂತ ಪಾಪ ಮೇಡಂ ಹುಡುಕಿ ಕೊಟ್ಟಾಳ. ನಿಮ್ಮ ಮುತ್ಯಾ, ನಮ್ಮಪ್ಪ, ಆ ಊರ ಗೌಡ್ರ ಮನ್ಯಾಗ ಬಿಟ್ಟಿ ಚಾಕ್ರಿ ಮಾಡಿ ಮಣ್ಣಾದ ಅಂತ ಆಕಿಗೆ ಯಾರು ಹೇಳಬೇಕು? ನಾ ಕಾಗದ ಮಡಚಿ ಕಿಸೇದಾಗ ಇಟ್ಟುಕೊಂಡು ಬಂದೆ.

ನಾಳೆ ಸೋಮವಾರದಿಂದ ಹೋಗ್ತಾನ. ನೀ ಒಂದು ಮಾತು ಅವನ ಜೋಡಿ ಆಡು.

ನಿಮ್ಮಪ್ಪ
ಲಾಲಪ್ಪ


ಸಿಂಧನೂರು
೨೪ ಆಗಸ್ಟ್ ೨೦೨೫

ಅಪ್ಪಾ, ಜೈಭೀಮ್.

ಕೋರ್ಟಿಗೆ ಯಾಕ ಬರಲಿಲ್ಲ ಅಂತ ನೀ ನೇರ ಕೇಳಿಲ್ಲ. ಕೇಳಿದಂಗ ಬರದೀ. ನಾನೂ ನೇರ ಹೇಳ್ತೀನಿ. ನನಗ ನಾಚಿಕಿ ಆತು.

ಅಂವ ಅವತ್ತು ಬಸ್‌ಸ್ಟ್ಯಾಂಡಿನ್ಯಾಗ ಅಂಗಿ ಬಿಚ್ಚಿ ಕುಣದದ್ದು ಯಾರೋ ಮೊಬೈಲ್‌ನ್ಯಾಗ ಹಿಡದಾರ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳೆಲ್ಲಾ ನೋಡ್ಯಾರ. ನಾ ಬೋರ್ಡಿನ ಕಡೆ ತಿರುಗಿದ್ರ ಸಾಕು, ಹಿಂದ ಕಿಸಕ್ ಅಂತಾರ. ಹನ್ನೊಂದು ವರ್ಷ ಆತು ನಾ ಈ ಸಾಲಿಗೆ ಬಂದು. ಈ ಹನ್ನೊಂದು ವರ್ಷದಾಗ ಒಂದು ದಿನ ನಾ ಕ್ಲಾಸಿಗೆ ಹೋಗಾಕ ಹೆದರಿದಾಕಿ ಅಲ್ಲ. ಈಗ ಹೆದರತೀನಿ.

ರಫೀಕನ ಮನಿಗೂ ಹೋಗಿದ್ದೆ. ಅವನ ತಾಯಿ ಗುಲ್ಷನ್‌ಬೀ ನನಗ ಕುರ್ಚಿ ಹಾಕಿ ನೀರು ಕೊಟ್ಟಳು. ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು. ರಫೀಕ್ ಹುಬ್ಬಿನ ಹೊಲಿಗಿ ಮುಟ್ಟಿ ನೋಡಿಕೋಂತ, "ಕಣ್ಣು ಉಳೀತಲ್ರಿ ಟೀಚರ್, ಬಿಡ್ರಿ" ಅಂದ. ಆ ಮನ್ಯಾಗ ಅಂವ ಒಬ್ಬನ ದುಡಿಯಾಂವ.

ನಿನ್ನ ಸಂಕಟ ನನಗ ತಿಳೀತೈತಿ ಅಪ್ಪಾ. ಆದ್ರ ಇದನ್ನ ಬಿಟ್ಟಿ ಚಾಕ್ರಿ ಜೋಡಿ ತೂಗಬ್ಯಾಡ. ಮುತ್ಯಾ ಆ ಜಾತ್ಯಾಗ ಹುಟ್ಟಿದ್ದಕ್ಕ ದುಡದ. ದುರುಗೇಶ ಮಾಡಿದ್ದಕ್ಕ ದುಡೀತಾನ. ನಾಳೆ ಗೌಡ್ರ ಮೊಮ್ಮಗ ಕುಡದು ಗಾಜು ಒಡದ್ರ ಅವನಿಗೂ ಇದ ಕಸಬರಿಗಿ. ಕಾಯ್ದೆ ಅಂದ್ರ ಅದ. ನಮ್ಮ ಗ್ವಾಡಿ ಮ್ಯಾಲಿನ ಫೋಟೋದಾಗಿನ ದೇವರು ಸಂವಿಧಾನದಾಗ ಬರದದ್ದೂ ಅದನ್ನ.

ಅವನ ಜೋಡಿ ಮಾತಾಡು ಅಂದಿ. ಮೂವತ್ತು ದಿನ ಮುಗಿಸಿ ಬರ್ಲಿ. ಅವತ್ತು ಮಾತಾಡ್ತೀನಿ, ಹೋಳಿಗಿನೂ ಮಾಡಿ ಹಾಕ್ತೀನಿ. ಅಲ್ಲಿತನಕ ಅವನ ನಂಬರ್ ನನ್ನ ಫೋನಿನ್ಯಾಗ ಬಂದ್ ಐತಿ.

ಅವ್ವಗ ಮಣಕಾಲಿನ ಎಣ್ಣಿ ಕಳಿಸೀನಿ. ತಿಕ್ಕೋಬೇಕು, ಇಟ್ಟುಕೊಂಡು ಪೂಜಾ ಮಾಡಬಾರ್ದು ಅಂತ ಹೇಳು.

ಸುರೇಖಾ


ಗುರುಗುಂಟಾ
೧೪ ಸೆಪ್ಟೆಂಬರ್ ೨೦೨೫

ನನ್ನವ್ವ ಸುರೇಖಾ, ಜೈಭೀಮ್.

ನಿನ್ನ ಪತ್ರ ಎರಡು ಸಲ ಓದಿದೆ. ಗೌಡ್ರ ಮೊಮ್ಮಗನಿಗೂ ಇದ ಕಸಬರಿಗಿ ಅಂದಿ. ಅದನ್ನ ನೋಡಾಕ ನನಗ ಆಯುಷ್ಯ ಇರ್ಲಿ ಅಂತ ಬೇಡಿಕೋ. ನೀ ಕಲಿಸೋ ಪುಸ್ತಕದಾಗ ಅದು ಇರಬಹುದು, ಆ ಊರಾಗ ನಾ ಇನ್ನೂ ಕಂಡಿಲ್ಲ.

ನಡದದ್ದು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ಆರು ದಿನ ನಿನ್ನ ತಮ್ಮ ಸೀದಾ ಹೋಗಿ ಬಂದ. ಬಂದವನ ಎರಡು ಸಲ ಜಳಕ ಮಾಡ್ತಿದ್ದ, ಉಣ್ತಿದ್ದ, ಗ್ವಾಡಿಗೆ ಮಾರಿ ಮಾಡಿ ಮಲಗ್ತಿದ್ದ. ಕುಡದಿಲ್ಲ. ಏಳನೇ ದಿನ, ಸೆಪ್ಟೆಂಬರ್ ಒಂದನೇ ತಾರೀಖು, ಒಂದು ಎತ್ತು ಹೊಟ್ಟಿ ಉಬ್ಬಿ ದವಾಖಾನಿಗೆ ಬಂತಂತ. ಡಾಕ್ಟರ್ ಸೂಜಿ ಹಾಕೋದರಾಗ ಅಲ್ಲೇ ಬಿದ್ದು ಸತ್ತಿತು. ಎತ್ತಿನ ಮಾಲಕ ಗೌಡ್ರ ಪೈಕಿ. ಟ್ರ್ಯಾಕ್ಟರ್ ಅಲ್ಲೇ ಬೇವಿನಗಿಡದ ಕೆಳಗ ನಿಂತಿತ್ತು. ಅಂವ ಟ್ರ್ಯಾಕ್ಟರ್ ಕಡೆ ನೋಡಲಿಲ್ಲ, ದುರುಗೇಶನ್ನ ನೋಡಿದ. "ನೀ ಲಾಲ್ಯಾನ ಮಗ ಅಲ್ಲೇನಲೇ? ಎಳಕೊಂಡು ಹೋಗು. ನಿಮಗೇನು ಹೊಸಾದ?" ಅಂದ.

ಇಂವ ಕಸಬರಿಗಿ ಅಲ್ಲೇ ಒಗದು ನಡಕೋಂತ ಮನಿಗೆ ಬಂದ. ನನ್ನ ಮುಂದ ನಿಂತು ಬಾಯಿ ದೊಡ್ಡದು ಮಾಡಿ ಹೇಳಿದ, ನನಗ ತಿಳೀಲಿ ಅಂತ. "ಅಪ್ಪಾ, ನಮ್ಮ ಮನ್ಯಾಗ ಯಾರೂ ಬಿಟ್ಟಿ ಮಾಡಬಾರ್ದು ಅಂತ ಆಣಿ ಹಾಕಿಸಿದಾಂವ ನೀನ. ಈಗ ನೀನ ಹೇಳು, ನಾ ಹೋಗ್ಲೇನು?"

ಆಣಿ ಹಾಕಿಸಿದ್ದು ಖರೇ. ನಿನಗೂ ಹಾಕಿಸೀನಿ. ಟಪಾಲಿನ ನೌಕರಿ ಆದೇಶ ಕೈಗೆ ಬಂದ ದಿನ ನಮ್ಮಪ್ಪನ ಗೋರಿ ಮುಂದ ನಿಂತು ನಾನೂ ಹಾಕಿಕೊಂಡಿದ್ದೆ. ನನಗ ಹತ್ತು ವರ್ಷ ಇದ್ದಾಗ ಅಪ್ಪಗ ಥಂಡಿಜ್ವರ ಬಂದು ಎದ್ದು ಕುಂದ್ರಾಕ ಆಗ್ತಿರಲಿಲ್ಲ. ಗೌಡ್ರ ಆಳು ಬಂದು ಬಾಗಲದಾಗ ನಿಂತು, "ನಿಮ್ಮ ಮನಿ ಪಾಳಿ ಐತಿ, ಯಾರರೆ ಬರ್ರಿ" ಅಂದ. ಯಾರರೆ ಅಂದ್ರ ಯಾರರೆ. ಅವರಿಗೆ ಮನುಷ್ಯಾ ಬೇಕಾಗಿರಲಿಲ್ಲ, ಮನಿಯಿಂದ ಒಂದು ಜೋಡಿ ಕೈ ಬಂದ್ರ ಆತು. ನಾ ಹೋದೆ. ಸತ್ತ ಎಮ್ಮಿ ಕಾಲಿಗೆ ಹಗ್ಗ ಕಟ್ಟಿ ದೊಡ್ಡವರ ಜೋಡಿ ಎಳದೆ. ತಿರುಗಿ ಬಂದಾಗ ನಮ್ಮಪ್ಪ ನನ್ನ ಅಂಗೈ ನೋಡಿ ಗ್ವಾಡಿ ಕಡೆ ಹೊಳ್ಳಿದ. ಅಂವ ಅತ್ತಾನೋ ಇಲ್ಲೋ ನನಗ ಇವತ್ತಿಗೂ ಗೊತ್ತಿಲ್ಲ.

ನೀ ಫಿಕರ್ ಮಾಡಬ್ಯಾಡ. ದವಾಖಾನ್ಯಾಗ ಹಾಜರಿ ಬರೋಬ್ಬರಿ ಬೀಳಾಕತ್ತೈತಿ. ಹನ್ನೆರಡು ದಿನ ಮುಗದಾವ. ತೊಗರಿ ಹೊಲ ಚಲೋ ಎದ್ದಾವ ಈ ವರ್ಷ. ಎಣ್ಣಿ ಮುಟ್ಟೈತಿ, ಪೂಜಾ ನಡದೈತಿ.

ನಿಮ್ಮಪ್ಪ
ಲಾಲಪ್ಪ


ಸಿಂಧನೂರು
೨೦ ಸೆಪ್ಟೆಂಬರ್ ೨೦೨೫

ಅಪ್ಪಾ,

ಮಕ್ಕಳ ಉತ್ತರಪತ್ರಿಕಾ ತಿದ್ದಿ ತಿದ್ದಿ ನನಗ ಒಂದು ಚಟ ಬಿದ್ದೈತಿ. ಬರದದ್ದು ಓದಂಗಿಲ್ಲ, ಬಿಟ್ಟದ್ದು ಓದತೀನಿ.

"ಹಾಜರಿ ಬೀಳಾಕತ್ತೈತಿ" ಅಂತ ಬರದೀ. "ಅಂವ ಹೋಗಾಕತ್ತಾನ" ಅಂತ ಬರದಿಲ್ಲ.

ನಿನ್ನೆ ಅವ್ವಗ ಫೋನ್ ಮಾಡಿದ್ದೆ. ಅಪ್ಪ ಎಲ್ಲಿ ಅಂದೆ. "ಬುತ್ತಿ ಕಟ್ಟಿಕೊಂಡು ಹೋಗ್ಯಾನ" ಅಂದಳು. ಎಲ್ಲಿಗೆ ಅಂದ್ರ, ಹಾಲು ಉಕ್ಕಾಕತ್ತೈತಿ ಅಂತ ಫೋನ್ ಇಟ್ಟಳು. ಹನ್ನೊಂದು ಗಂಟೇಕ ಯಾವ ಹಾಲು ಅಪ್ಪಾ? ಶುಕ್ರವಾರ ನೀ ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋಗ್ತಿ?

ಯಾರು ಹೋಗಾಕತ್ತಾರ ದವಾಖಾನಿಗೆ? ಒಂದ ಸಾಲು ಬರಿ. ಹೆಸರು ಬರಿ.

ಸುರೇಖಾ


ಗುರುಗುಂಟಾ
೨೮ ಸೆಪ್ಟೆಂಬರ್ ೨೦೨೫

ಸುರೇಖಾ, ಜೈಭೀಮ್.

ಲಾಲಪ್ಪ. ಹೆಸರು ಬರಿ ಅಂದಿ, ಬರದೀನಿ.

ಸೆಪ್ಟೆಂಬರ್ ಮೂರನೇ ತಾರೀಖಿನಿಂದ ನಾನ ಹೋಗಾಕತ್ತೀನಿ. ಸೈಕಲ್ ಮ್ಯಾಲ ಹೋಗಿ ಸೈಕಲ್ ಮ್ಯಾಲ ಬರ್ತೀನಿ, ಎರಡೂ ಸೇರಿ ಒಂದೂವರಿ ತಾಸಿನ ಹಾದಿ. ಟಪಾಲು ಚೀಲ ಇಲ್ಲ, ಹಗೂರ ಅನಸ್ತೈತಿ. ಮೊದಲನೇ ದಿನ ಹೆಂಗಾತು ಕೇಳು. ಅಟೆಂಡರ್ ವಿರೂಪಾಕ್ಷಪ್ಪ ನನ್ನ ನೋಡಿ "ಯಾಕ್ರಿ ಹಿರಿಯಾರ" ಅಂತ ಕೈ ಮಾಡಿ ಕೇಳಿದ. ಮಗನಿಗೆ ಆಗವಲ್ದು, ಮನಿಯಿಂದ ನಾ ಬಂದೀನಿ ಅಂದೆ. ಅಂವ ಒಂದು ಮಾತು ತಕರಾರು ಮಾಡಲಿಲ್ಲ. ಪುಸ್ತಕ ಮುಂದಿಟ್ಟ. ಅಂವಗೂ ಅದು ಸಹಜ ಅನಸ್ತು, ನನಗೂ ಸಹಜ ಅನಸ್ತು. ನೀರಿನ ಪಾಳಿ ಇರ್ಲಿ, ಗುಡಿ ಕಟ್ಟೋ ಪಾಳಿ ಇರ್ಲಿ, ಈ ಕಡೆ ಮನಿಗೆ ಒಬ್ಬರು ಬಂದ್ರ ಮುಗೀತು. ಯಾರು ಅಂತ ಯಾರು ಕೇಳ್ತಾರ? ದುರುಗೇಶ ಅನ್ನೋ ಹೆಸರಿನ ಮುಂದ ದುರುಗೇಶ ಅಂತ ಸಹಿ ಹಾಕಿದೆ. ಅವನಕಿಂತ ಚಂದ ಬರದೀನಿ.

ಕೆಲಸ ಏನ್ ಭಾರಿ ಇಲ್ಲ. ಕಸ ಹೊಡೀತೀನಿ, ದನ ಹಿಡದು ನಿಲ್ಲಿಸೋ ಪೈಪಿನ ಚೌಕಟ್ಟು ತೊಳೀತೀನಿ, ತೊಟ್ಟಿಗೆ ನೀರು ತುಂಬತೀನಿ. ಚಾ ಕೊಡ್ತಾರ. ಕಾಗದದ ಕಪ್ಪು. ಎಲ್ಲಾರಿಗೂ ಕಾಗದದ ಕಪ್ಪ ಐತಿ, ಅದಕ್ಕ ನನ್ನದು ಬ್ಯಾರೇನೋ ಒಂದ ಏನೋ ತಿಳಿಯಂಗಿಲ್ಲ. ಅಷ್ಟರಮಟ್ಟಿಗೆ ಊರು ಸುಧಾರಿಸೈತಿ ಅನ್ನು.

ಆಣಿ ಮುರದಿ ಅಂತೀ. ಹೂಂ, ಮುರದೀನಿ. ಆ ಆಣಿ ದೊಡ್ಡದೋ ಮಗ ದೊಡ್ಡಾಂವನೋ ಅಂತ ಎರಡು ದಿನ ವಿಚಾರ ಮಾಡಿದೆ. ಅಂವ ಜೇಲಿಗೆ ಹೋದ್ರ ನಮ್ಮ ವಂಶದಾಗ ಮೊದಲನೇ ಲೈನ್‌ಮನ್ ಮೊದಲನೇ ಕೈದಿನೂ ಆಗ್ತಾನ. ಅವನ ಮದುವಿ ಮಾತು ಆಗಲೇ ಮುರದೈತಿ. ಇನ್ನ ಹನ್ನೆರಡು ದಿನ ಉಳದಾವ. ನನಗ ಎಪ್ಪತ್ತೊಂದು ಆತು, ಹನ್ನೆರಡು ದಿನದಾಗ ನಾ ಏನ್ ಸವೀತೀನಿ?

ಒಂದು ಮಾತು ಬರೀಬಾರ್ದು ಅಂದುಕೊಂಡಿದ್ದೆ, ಪೆನ್ನು ಕೇಳವಲ್ದು. ಹೋದ ವಾರ ಒಂದು ಆಕಳ ಕರಾ ಸತ್ತಿತು. ಯಾರೂ ನನಗ ಎಳಿ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಎಲ್ಲಾರೂ ಸುಮ್ಮನ ನಿಂತು ನನ್ನ ಕಡೆ ನೋಡಿದ್ರು, ಅಷ್ಟ. ನಾ ಹಗ್ಗ ತಗೊಂಡೆ.

ನಿನ್ನ ತಮ್ಮಗ ಈ ಮಾತು ಹೇಳಬ್ಯಾಡ.

ಲಾಲಪ್ಪ


ಸಿಂಧನೂರು
೩ ಅಕ್ಟೋಬರ್ ೨೦೨೫

ಅಪ್ಪಾ,

ನಿನ್ನ ಪತ್ರ ಸಾಲ್ಯಾಗ ಬಂತು. ಸ್ಟಾಫ್‌ರೂಮಿನ್ಯಾಗ ಓದಿದೆ, ಓದಬಾರದಿತ್ತು. ಬಾತ್‌ರೂಮಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ.

ಆಮ್ಯಾಲ ಸಿಟ್ಟು ಬಂತು. ನಿನ್ನ ಮ್ಯಾಲ. ಮೂವತ್ತೆಂಟು ವರ್ಷ ರಿಜಿಸ್ಟರ್ ಪತ್ರ ಹಂಚಿದಾಂವ ನೀ. ಹೆಂಡ್ತಿ ಹೆಸರಿನ ಪತ್ರ ಗಂಡನ ಕೈಗೆ ಕೊಡ್ತಿರಲಿಲ್ಲ. ಒಂದು ಸಲ ಶಾನಭೋಗ್ರ ಮನ್ಯಾಗ ಮುದುಕಿ ಹಾಸಿಗಿ ಹಿಡದಿದ್ರೂ ಒಳಗ ಹೋಗಿ ಆಕಿ ಹೆಬ್ಬೆಟ್ಟು ತಗೊಂಡ ಬರ್ತೀನಿ ಅಂತ ಹಟ ಹಿಡದು, ಅವರ ಕೈಲೆ ಬೈಸಿಕೊಂಡು ಬಂದಿದ್ದಿ. "ಹೆಸರು ಯಾರದೈತಿ, ಸಹಿ ಅವರದ ಇರಬೇಕು" ಅಂತ ನಮಗ ಊಟಕ್ಕ ಕುಂತಾಗೆಲ್ಲಾ ಹೇಳ್ತಿದ್ದಿ. ಶಿಕ್ಷಾನೂ ಹೆಸರು ಬರದು ಬಂದದ್ದು ಅಪ್ಪಾ. ಮನಿಗೆ ಬಂದದ್ದಲ್ಲ. ಆ ಸಾಹೇಬ್ರು ಗೌಡ್ರ ಆಳಿನಂಗ ಬಾಗಲದಾಗ ನಿಂತು ಯಾರರೆ ಬರ್ರಿ ಅಂದಿಲ್ಲ. ನಮ್ಮ ಮನ್ಯಾಗ ಒಬ್ಬ ಮನುಷ್ಯಾಗ ಅವನ ಹೆಸರು ಹಿಡದು, ನೀ ಮಾಡಿದ್ದು ತಪ್ಪು ಅಂದಾರ. ಅಷ್ಟು ಮರ್ಯಾದಿ ಮುತ್ಯಾಗ ಯಾರೂ ಕೊಟ್ಟಿರಲಿಲ್ಲ.

ನೀ ಹಾಕಿದ ಸಹಿಗೆ ಏನಂತಾರ ಗೊತ್ತೈತೇನು? ಫೋರ್ಜರಿ ಅಂತಾರ. ಸಿಕ್ಕರ ನೀನೂ ಕೋರ್ಟು ಹತ್ತತಿ.

ಹದಿಮೂರನೇ ತಾರೀಖು ಸೋಮವಾರ ದುರುಗೇಶ ತಾನ ದವಾಖಾನಿಗೆ ಹೋಗಬೇಕು. ಹೋಗಲಿಲ್ಲಂದ್ರ ನಾನ ಜಯಶ್ರೀ ಮೇಡಂಗ ಹೇಳ್ತೀನಿ. ಆಕಿ ಒಳ್ಳೇ ಹೆಂಗಸು, ಕರದು ಬುದ್ಧಿ ಹೇಳ್ತಾಳ, ಬ್ಯಾರೆ ಕಡೆ ಕೆಲಸ ಕೊಡ್ತಾಳ. ಆ ಎತ್ತಿನ ಮಾಲಕ ಅಂದ ಮಾತನ್ನೂ ಆಕಿ ಮುಂದ ಹೇಳಬೇಕಿತ್ತು ನೀವು. ಹೇಳಿದ್ರ ಅವತ್ತ ಬ್ಯಾರೆ ಹಾದಿ ಸಿಗ್ತಿತ್ತು. ನಮ್ಮ ಮನ್ಯಾಗ ಮಾತು ಹೇಳೋ ಜಾಗಾದಾಗ ಒಬ್ಬರೂ ಹೇಳಂಗಿಲ್ಲ.

ಸುರೇಖಾ


ಗುರುಗುಂಟಾ
೧೬ ಅಕ್ಟೋಬರ್ ೨೦೨೫

ಅಕ್ಕಾ,

ನೀ ನನ್ನ ಫೋನ್ ಎತ್ತಂಗಿಲ್ಲ. ಅಪ್ಪನ ಪೆನ್ನು ತಗೊಂಡು ಬರಿಯಾಕತ್ತೀನಿ.

ಸೋಮವಾರ ಮೇಡಂ ದವಾಖಾನಿಗೆ ಬಂದಿದ್ರು. ಅಪ್ಪ ಪೈಪಿನ ಚೌಕಟ್ಟಿನ್ಯಾಗ ನಿಂತು ತೊಳೀತಿದ್ದನಂತ. ದುರುಗೇಶ ಎಲ್ಲಿ ಅಂತ ಕೇಳಿದ್ರ ಅಪ್ಪಗ ಕೇಳ್ಸಿಲ್ಲ, ನಮಸ್ಕಾರ ಅಂದಾನ. ವಿರೂಪಾಕ್ಷಪ್ಪ "ಇವರ ರೀ, ದುರುಗೇಶನ ಮನಿಯಿಂದ" ಅಂದಾನ. ಮೇಡಂ ಪುಸ್ತಕ ತೆಗದು ಯಾರ ಸಹಿ ಇದು ಅಂತ ಬೆರಳಿಟ್ಟು ತೋರ್ಸ್ಯಾರ. ಅಪ್ಪ ನಕ್ಕೋಂತ "ನಂದ ರೀ" ಅಂದಾನ.

ಮೇಡಂ ಬೈಲಿಲ್ಲಂತ. ಕುರ್ಚಿ ತರಿಸಿ ಅಪ್ಪನ್ನ ಕುಂದ್ರಿಸಿ, ಚೀಟಿ ಮ್ಯಾಲ ಬರದು ತೋರ್ಸ್ಯಾರ, "ನಾ ಇದನ್ನ ಮುಚ್ಚಿಡಾಕ ಬರಂಗಿಲ್ಲ" ಅಂತ. ಕೋರ್ಟಿಗೆ ರಿಪೋರ್ಟ್ ಹೋಗೈತಿ. ನನಗೂ ನೋಟಿಸು, ಅಪ್ಪಗೂ ನೋಟಿಸು.

ಹೇಳಿದ್ದು ನೀನ ಏನು?

ನನ್ನ ಮ್ಯಾಲ ನಿನಗ ಸಿಟ್ಟು ಐತಿ, ಇರ್ಲಿ. ಆದ್ರ ನೀ ಆ ಊರಿಗೆ ಕಾಲಿಟ್ಟಾಕಿ ಅಲ್ಲ. ನಾ ಕಂಬ ಹತ್ತಿ ಕರೆಂಟು ಕೊಟ್ಟ ಮನಿಗಳ ಅವು. ಅವಾಗ "ಬರ್ರಿ ಲೈನ್‌ಮನ್ ಸಾಹೇಬ್ರ" ಅಂತಿದ್ರು. ಕಸಬರಿಗಿ ಹಿಡದ ದಿನದಿಂದ ಲಾಲ್ಯಾನ ಮಗ ಆದೆ. ಕುಡದದ್ದು ನಂದು ತಪ್ಪು. ಅದಕ್ಕ ಬ್ಯಾರೆ ಏನರೆ ಕೊಟ್ಟಿದ್ರ ಮಾಡ್ತಿದ್ದೆ.

ಸುಳ್ಳು ಯಾಕ ಹೇಳಲಿ. ಅಪ್ಪ ಹೋಗಾಕತ್ತಾನ ಅಂತ ನನಗ ಗೊತ್ತಿತ್ತು. ಮೊದಲನೇ ದಿನ ಗೊತ್ತಿರಲಿಲ್ಲ. ಎರಡನೇ ದಿನ ಸೈಕಲ್ ಗಾಳಿ ಇಳದಿತ್ತು, ನಾನ ಪಂಪ್ ತಗೊಂಡು ಗಾಳಿ ಹಾಕಿಕೊಟ್ಟೆ. ಅಂವ ಹತ್ತಿಕೊಂಡು ಹೋದ.

ದುರುಗೇಶ


ಸಿಂಧನೂರು
೨೧ ಅಕ್ಟೋಬರ್ ೨೦೨೫

ದುರುಗೇಶ,

ಹೌದು, ನಾನ ಹೇಳಿದೆ. ಸೋಮವಾರ ಮುಂಜಾನೆ ಅವ್ವಗ ಫೋನ್ ಮಾಡಿ, ಅವತ್ತೂ ಬುತ್ತಿ ಕಟ್ಟಿಕೊಂಡು ಹೋದಾಂವ ಅಪ್ಪನ ಅಂತ ತಿಳಕೊಂಡ ಮ್ಯಾಲ ಹೇಳಿದೆ. ಮೇಡಂ ತಮ್ಮೊಳಗ ಮುಗಿಸ್ತಾರ ಅಂದುಕೊಂಡಿದ್ದೆ. ಮುಗಿಸಲಿಲ್ಲ. ಅವರದೂ ನೌಕರಿ. ಎಂಟು ದಿನ ಆತು, ನನಗ ಊಟ ಸೇರವಲ್ದು. ನೀ ಬೈಬೇಕಂದ್ರ ಬೈ.

ನಿನಗ ಆ ಊರಾಗ ಆದ ಅವಮಾನ ನನಗ ತಿಳಿಯಂಗಿಲ್ಲ ಅಂತ ತಿಳಕೊಬ್ಯಾಡ. ಅವತ್ತು ನೀ ಕಸಬರಿಗಿ ಒಗದದ್ದು ನನಗ ತಪ್ಪು ಅನಸಿಲ್ಲ. ಒಗದು ಸೀದಾ ಮೇಡಂ ಕಡೆ ಹೋಗಿದ್ರ ನಿನ್ನ ಬೆನ್ನಿಗೆ ನಾ ನಿಲ್ತಿದ್ದೆ. ನೀ ಮನಿಗೆ ಬಂದು ಮಲಕೊಂಡಿ. ಒಗದ ಕಸಬರಿಗಿ ಅಪ್ಪ ಹೋಗಿ ಎತ್ತಿಕೊಂಡ.

ಈಗ ಒಂದ ಹಾದಿ ಉಳದೈತಿ. ವಕೀಲರನ್ನ ಕೇಳೀನಿ. ಅಪ್ಪ ಎಲ್ಲಾ ತನ್ನ ಮ್ಯಾಲ ಹಾಕಿಕೊಳ್ತಾನ, ಅಂವ ಅಂಥಾವನ. ಸಾಹೇಬ್ರು ನಿನ್ನ ಕೇಳ್ತಾರ, ನಿನಗ ಗೊತ್ತಿತ್ತೇನು ಅಂತ. ಗೊತ್ತಿತ್ತು ಅನ್ನು. ಸೈಕಲ್‌ಗೆ ಗಾಳಿ ಹಾಕಿದ್ದನ್ನೂ ಹೇಳು. ನಿನ್ನ ಮುಚ್ಚಳಿಕಿ ರದ್ದಾಗಬಹುದು, ಸ್ವಲ್ಪ ದಿನ ಜೇಲೂ ಆಗಬಹುದು, ನೌಕರಿ ಹೋಗಬಹುದು. ನಾ ಅದೀನಿ. ನಿನ್ನ ನಾ ಸಾಕ್ತೀನಿ, ಬೇಕಾದ್ರ ಜೀವ ಇರೋತನಕ ಸಾಕ್ತೀನಿ.

ಗೊತ್ತಿರಲಿಲ್ಲ ಅಂದ್ರ ನೀ ಉಳೀತಿ. ಅಪ್ಪ ಮಗನಿಗೂ ತಿಳೀದಂಗ ಕಳ್ಳ ಸಹಿ ಹಾಕಿದ ಮುದುಕ ಅಂತ ಕೋರ್ಟಿನ ಪುಸ್ತಕದಾಗ ಉಳೀತಾನ.

ತಾರೀಖು ಬಂದ ಕೂಡಲೇ ತಿಳಿಸು. ನಾ ಬರ್ತೀನಿ. ನಿನ್ನ ನಂಬರ್ ಬಂದ್ ಮಾಡಿದ್ದು ತೆಗದೀನಿ, ಫೋನ್ ಮಾಡು.

ನಿಮ್ಮಕ್ಕ
ಸುರೇಖಾ


ಗುರುಗುಂಟಾ
೧೨ ಡಿಸೆಂಬರ್ ೨೦೨೫

ಮಗಳು ಸುರೇಖಾಗ, ಜೈಭೀಮ್.

ಎರಡು ತಿಂಗಳು ಪತ್ರ ಬರೀಲಿಲ್ಲ, ಕೈ ಏಳಲಿಲ್ಲ. ಕೋರ್ಟು ಮೊನ್ನೆ ಹತ್ತನೇ ತಾರೀಖಿಗೆ ಆತು. ತಾರೀಖು ನಿನಗ ತಿಳಿಸಬ್ಯಾಡ ಅಂತ ಮನಿ ಮಂದಿಗೆಲ್ಲಾ ಹೇಳಿದಾಂವ ನಾ. ನಿನ್ನ ತಮ್ಮನ ಮ್ಯಾಲ ಸಿಟ್ಟಾಗಬ್ಯಾಡ. ನೀ ಬಂದಿದ್ರ ಖರೇ ಹೇಳಿಬಿಡ್ತಿದ್ದಿ. ಮೇಡಂಗ ನೀ ಹೇಳಿದ್ದನ್ನೂ ನಾ ತಪ್ಪು ಅನ್ನಂಗಿಲ್ಲ. ಹೇಳೋ ಜಾಗಾದಾಗ ಹೇಳಿದಾಕಿ ನಮ್ಮ ಮನ್ಯಾಗ ನೀ ಒಬ್ಬಾಕಿ.

ಮುಂಜಾನೆ ಬಸ್ಸಿಗೆ ಹೋದ್ವಿ, ಇಬ್ಬರ. ಮಸ್ಕಿಯಾಗ ಬಸ್ಸು ಚಾಕ್ಕ ನಿಂತಿತು. ಅಲ್ಲೇ ಕಟ್ಟಿ ಮ್ಯಾಲ ಕುಂತು ನಾ ಅವನಿಗೆ ಹೇಳಿದೆ. "ಸಾಹೇಬ್ರು ಕೇಳಿದ್ರ ನನಗ ಗೊತ್ತಿರಲಿಲ್ಲ ಅನ್ನು. ಜ್ವರ ಬಂದು ಮಲಗಿದ್ದೆ ಅನ್ನು. ಉಳಿದದ್ದು ನಾ ನೋಡಿಕೊಳ್ತೀನಿ." ಅಂವ ಒಲ್ಲೆ ಅಂತ ತಲಿ ಅಲ್ಲಾಡಿಸಿದ. ಮತ್ತೊಮ್ಮೆ ಹೇಳಿದೆ. ಮತ್ತ ಒಲ್ಲೆ ಅಂದ, ಕಣ್ಣಾಗ ನೀರು ತಂದ. ಮೂರನೇ ಸಲ ಹೇಳಿದೆ. ಅಂಗಿ ತೋಳಿಲೆ ಕಣ್ಣು ಒರಿಸಿಕೊಂಡ. ಕಂಡಕ್ಟರ್ ಸೀಟಿ ಊದಿದ, ಎದ್ವಿ.

ಕೋರ್ಟಿನ್ಯಾಗ ಮೊದಲು ನನ್ನ ಕರದ್ರು. ಗುಮಾಸ್ತ ನನ್ನ ಕಿವ್ಯಾಗ ಕೂಗಿ ಕೂಗಿ ಕೇಳಿದ, ಎಲ್ಲಾರೂ ನಕ್ಕರು, ಸಾಹೇಬ್ರು ನಗಲಿಲ್ಲ. ಸಹಿ ನಂದು, ಬುದ್ಧಿ ನಂದು, ಮಗನ ಕೈ ಇದರಾಗ ಇಲ್ಲ ಅಂದೆ. ಆಮ್ಯಾಲ ಅವನನ್ನ ನಿಲ್ಲಿಸಿದ್ರು. ಸಾಹೇಬ್ರು ಏನೋ ಕೇಳಿದ್ರು. ನನಗ ಏನೂ ಕೇಳ್ಸಂಗಿಲ್ಲ, ಅವನ ಬಾಯಿ ನೋಡಿಕೋಂತ ನಿಂತೆ. ಭಾಳ ಹೊತ್ತು ಅದು ತೆರೀಲಿಲ್ಲ. ಆಮ್ಯಾಲ ತೆರೀತು. ಎರಡ ಮಾತು. ನಾ ಮಸ್ಕಿಯಾಗ ಹೇಳಿಕೊಟ್ಟ ಎರಡು ಮಾತು.

ಅವನಿಗೆ ಇನ್ನೊಂದು ಅವಕಾಶ ಕೊಟ್ಟಾರ. ತಾನ ಮಾಡಿದ ಏಳು ದಿನ ಹಿಡದಾರ, ನಂದು ಹದಿನೆಂಟು ದಿನ ತೆಗದು ಹಾಕ್ಯಾರ. ಉಳಿದ ಇಪ್ಪತ್ಮೂರು ದಿನ ಲಿಂಗಸುಗೂರಿನ್ಯಾಗ ಗಿಡಕ್ಕ ನೀರು ಹಾಕೋ ಕೆಲಸ. ಸುರು ಮಾಡ್ಯಾನ, ತಾನ ಹೋಗ್ಯಾನ. ನೌಕರಿ ಉಳಿಯೋ ಲಕ್ಷಣ ಐತಿ.

ನನಗ ವಯಸ್ಸು ನೋಡಿ ಜೇಲು ಬಿಟ್ಟಾರ. ಒಂದು ವರ್ಷದ ಮುಚ್ಚಳಿಕಿ, ಹದಿನೈದು ದಿನ ಸೇವಾ. ಎಲ್ಲಿ ಮಾಡ್ತೀರಿ ಅಂತ ಮೇಡಂ ಚೀಟಿ ಬರದು ಕೇಳಿದ್ರು. ಗುರುಗುಂಟಾದಾಗ ಸಾಲಿ ಐತಿ, ನೆರಳಾಗ ಕುಂತು ಮಾಡಬಹುದು ಅಂದ್ರು. ದನದ ದವಾಖಾನಿನ ಕೊಡ್ರಿ ಅಂದೆ. ಆ ಪುಸ್ತಕದಾಗ ಹದಿನೆಂಟು ಸುಳ್ಳು ಸಹಿ ಹಾಕಿಟ್ಟು ಬಂದೀನಿ. ಅದರ ಕೆಳಗ ನನ್ನ ಹೆಸರು ನಾನ ಬರದು ಬರ್ತೀನಿ.

ಬಸ್ಸಿನ್ಯಾಗ ತಿರುಗಿ ಬರೋವಾಗ ಅಂವ ಕಿಟಕಿ ಕಡೆ ಕುಂತಿದ್ದ. ಲಿಂಗಸುಗೂರು ದಾಟಿದ ಮ್ಯಾಲ ನನ್ನ ಕೈ ಹಿಡದು ಬಾಯಿ ದೊಡ್ಡದು ಮಾಡಿ, "ಅಪ್ಪಾ, ನಿನ್ನ ಬದಲಿ ನಾ ಹೋಗ್ಲೇನು?" ಅಂದ. ನಾ ಕೇಳ್ಸಿಲ್ಲ ಅನ್ನೋವರ್ಗತೆ ಹೊರಗ ನೋಡಿದೆ.

ನಿಮ್ಮವ್ವ ಮಗ ಉಳದ ಅಂತ ಸಜ್ಜಕ ಮಾಡಿದ್ದಳು. ನಾನೂ ಉಂಡೆ. ಅಂವ ಅಂದದ್ದು ನಾ ಕಲಿಸಿದ ಮಾತ, ಬ್ಯಾರೆ ಯಾರದೂ ಅಲ್ಲ. ಹೊಡದು ಬಡದು ಕಲಿಸೀನಿ ಅನ್ನು. ಆದ್ರೂ ಸುರೇಖಾ, ನಿನ್ನ ಒಬ್ಬಾಕಿ ಮುಂದ ಹೇಳ್ತೀನಿ. ಅಂವ ಬಾಯಿ ತೆರಿಯೋತನಕ ನಾ ಅಲ್ಲಿ ಕೈಮುಗದು ನಿಂತು, ಇಂವ ಅದನ್ನ ಅನ್ನಲಿಕ್ಕಿಲ್ಲ, ಅನ್ನಲಿಕ್ಕಿಲ್ಲ ಅಂತ ಕಾಯ್ತಿದ್ದೆ.

ನಿಮ್ಮಪ್ಪ
ಲಾಲಪ್ಪ